ಪಡಿತರದ ಅಕ್ಕಿಯೊಳಗಿನ ಕಬ್ಬಿಣ

ಕೊಳ್ಳೇಗಾಲ ಸೀಮೆಯ ಸೋಲಿಗರ ಪೋಡೊಂದರಲ್ಲಿ ಈಚೆಗೆ ಹಾಡು ಕೇಳಲೆಂದು ಕುಳಿತಿದ್ದೆ. ಮನೆಯ ಮುದುಕಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕೆಲವು ಕಾಳುಗಳನ್ನು ಕಲ್ಲಿನಂತೆ ಆರಿಸಿ ಎಸೆಯುತ್ತಿದ್ದಳು. ‘ಪ್ಲಾಸ್ಟಿಕ್ ಅಕ್ಕಿ ಸ್ವಾಮಿ’ ಎಂದಳು. ಅದು ಪ್ಲಾಸ್ಟಿಕ್ಕಲ್ಲ, ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆದ ಕಾಳು, ನೂರಕ್ಕೆ ಒಂದರಂತೆ ಸೇರಿಸಿರುತ್ತಾರೆ ಎಂದು ವಿವರಿಸಿದೆ. ಆಕೆ ನಕ್ಕಳು, ಆರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಕ್ಕಿ ಆ ಮೊರಕ್ಕೆ ಬಂದ ಬಗೆ ಹೇಳತಕ್ಕದ್ದು. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹನೂರು ಅದರೊಳಗಿತ್ತು, ಯಳಂದೂರು ಮೈಸೂರಿನದು. ಆಡಳಿತ ಎರಡಾದರೂ ಬೆಟ್ಟದ ಸೋಲಿಗರ ಊಟ ಒಂದೇ: ಕಾಡು ಸವರಿ ಬೆಳೆದ ರಾಗಿ, ಗೆಡ್ಡೆ, ಸೊಪ್ಪು, ಜೇನು. 1972ರಲ್ಲಿ ವನ್ಯಜೀವಿ ಕಾಯಿದೆ ಬಂದಿತು; 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯವೂ ನಿಂತಿತು. ಕ್ರಮೇಣ ನ್ಯಾಯಬೆಲೆ ಅಂಗಡಿಯೇ ಅವರ ಕಣಜವಾಯಿತು.

ಸಾರವರ್ಧಿತ ಅಕ್ಕಿಯ ಯೋಜನೆ ಘೋಷಣೆಯಾದದ್ದು 2021ರಲ್ಲಿ. ಕಿಲೋ ಒಂದಕ್ಕೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ರಕ್ತಹೀನತೆ ಬಹುವಾಗಿರುವ ನಾಡಿಗೆ ಇದು ಸದುದ್ದೇಶದ ಕ್ರಮವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ರಕ್ತವೆಲ್ಲ ಒಂದೇ ಬಗೆಯದಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಲ್ಲಿ ಕುಡುಗೋಲು ಕಣ ರೋಗವನ್ನು ಗುರುತಿಸಿತು. ತಂದೆತಾಯಿಗಳಿಬ್ಬರಿಂದಲೂ ಇಳಿದುಬರುವ ಕಾಯಿಲೆ ಅದು. (ರಾಗಿ ಕೊಯ್ಯುವ ಆಯುಧದ ಹೆಸರು ರಕ್ತಕಣಕ್ಕೆ!) ರೋಗಿಗಳಲ್ಲಿಯೂ ಭೇದವುಂಟು. ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡವರ ಯಕೃತ್ತು, ಹೃದಯಗಳಲ್ಲಿ ಕಬ್ಬಿಣ ವರ್ಷವರ್ಷಕ್ಕೂ ಶೇಖರವಾಗುತ್ತದೆ. ಹೆಚ್ಚಾದುದನ್ನು ಹೊರಹಾಕುವ ದಾರಿ ಶರೀರಕ್ಕಿಲ್ಲ. ರಕ್ತ ಹಾಕಿಸಿಕೊಳ್ಳದವರಿಗೋ ಕಬ್ಬಿಣದ ಕೊರತೆಯೇ ಇರಬಹುದು.

ಆದ್ದರಿಂದಲೇ 2018ರ ನಿಯಮ, ಇಂಥ ರೋಗಿಗಳು ಕಬ್ಬಿಣ ಬೆರೆತ ಆಹಾರ ಸೇವಿಸಬಾರದೆಂದು ಚೀಲದ ಮೇಲೆ ಅಚ್ಚು ಹಾಕಿಸಿತ್ತು. ಒಂದು ಸಲ ಹಾಕಿಸುವ ರಕ್ತದಲ್ಲಿಯೇ 200 ಮಿಲಿಗ್ರಾಂಗೂ ಮೀರಿ ಕಬ್ಬಿಣವಿರುತ್ತದೆ, ಅನ್ನದ್ದು ಅಲ್ಪ, ಅಪಾಯಕ್ಕೆ ಪುರಾವೆಯಿಲ್ಲ ಎಂದು 2024ರಲ್ಲಿ ಕೇಂದ್ರವು ಆ ಎಚ್ಚರಿಕೆಯನ್ನು ಕೈಬಿಟ್ಟಿತು. ವಾದ ತಳ್ಳಿಹಾಕುವಂಥದಲ್ಲ. ಆದರೆ ಚೀಲ ಬಿಚ್ಚುವುದು ಅಂಗಡಿಯಲ್ಲಿ. ಪೋಡಿಗೆ ಬರುವುದು ಬಟ್ಟೆಗಂಟಿನ ಅಕ್ಕಿ. ಆ ಬರಹ ಇದ್ದಾಗಲೂ ಮುದುಕಿಯ ಮನೆಗೆ ತಲಪಿರಲಾರದು. ಪಟ್ಟಣದ ನಾವು ಬೇಡವೆಂದರೆ ಬೇರೆ ಅಕ್ಕಿ ಕೊಂಡೇವು. ಅವಳಿಗಿರುವುದು ಮೊರವೊಂದೇ.

2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು ಬುಡಕಟ್ಟುಗಳ ರಕ್ತಪರೀಕ್ಷೆಗೆ ಕೈಹಾಕಿದೆ. ಆ ಮನೆಯಲ್ಲಿ ಯಾರಾದರೂ ಪರೀಕ್ಷೆ ಮಾಡಿಸಿಕೊಂಡಿದ್ದರೇ ಎಂದು ನಾನು ಅಂದು ಕೇಳಲಿಲ್ಲ. ಹಾಡು ಬರೆದುಕೊಂಡು ಬಂದೆ.