ಮಾರು, ಮೂರ ಮತ್ತು ಮದುವೆಯ ಹೂವು

ಕಳೆದ ವೈಶಾಖದಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ಅಕ್ಕನ ಮಗಳ ಮದುವೆ ನಡೆಯಿತು. ಬೀಗರು ವಿಜಯವಾಡದವರು, ಎರಡು ತಲೆಮಾರಿನಿಂದ ಅಲ್ಲಿಯೇ ನೆಲೆಸಿದ ಕನ್ನಡಿಗರು. ಹೂವಿನ ಏರ್ಪಾಡು ನಮ್ಮ ಪಾಲಿಗೆ ಬಂದಿತ್ತು. ಮದುವೆಗೆ ಹತ್ತು ದಿನ ಮುಂಚೆಯೇ ಹೂವಿನ ಅಂಗಡಿಯೊಂದರಲ್ಲಿ ಕುಳಿತು, ವಧೂವರರ ಹಾರ, ಮೊಗ್ಗಿನ ಜಡೆ, ಮಂಟಪಕ್ಕೆ ಸೇವಂತಿಗೆ, ಬಾಗಿಲಿಗೆ ಚೆಂಡುಹೂವು ಎಂದು ಪಟ್ಟಿ ಬರೆಸಿದೆವು. ಮುತ್ತೈದೆಯರಿಗೆ ಕೊಡಲು 40 ಮಾರು ಮಲ್ಲಿಗೆ ಎಂದೆವು. ಅಂಗಡಿಯಾತ, 'ನಲಭೈ ಮೂರಲೇ ಕದಂಡಿ?' ಎಂದ. ನಾವು ತಲೆಯಾಡಿಸಿದೆವು.

ಮದುವೆಯ ಹಿಂದಿನ ಸಂಜೆ ಬುಟ್ಟಿ ಬಿಚ್ಚಿದಾಗ ಮಲ್ಲಿಗೆ ನಾವು ಎಣಿಸಿದ್ದರ ಕಾಲು ಭಾಗದಷ್ಟೇ ಇತ್ತು. ಮೋಸವಾಯಿತೆಂದು ಅಂಗಡಿಗೆ ಓಡಿದೆವು. ಆತ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವನ್ನು ಹಿಡಿದು ಎಣಿಸಿ ತೋರಿಸಿದ. ಸರಿಯಾಗಿ 40 ಇತ್ತು. ತಪ್ಪು ಆತನದಲ್ಲ, ನಮ್ಮದು. ನಮ್ಮ ಮಾರು ಎಂದರೆ ಎರಡು ಕೈ ಚಾಚಿದಷ್ಟು ಉದ್ದ, ನಾಲ್ಕು ಮೊಳ. ತೆಲುಗಿನ ಮೂರ ಎಂದರೆ ನಮ್ಮ ಒಂದು ಮೊಳ ಮಾತ್ರ. ನಮ್ಮ ಮಾರಿಗೆ ತೆಲುಗರು ಬಾರ ಎನ್ನುತ್ತಾರೆ. ಇಷ್ಟು ವರ್ಷ ಈ ಊರಿನಲ್ಲಿ ಅನ್ನ ತಿಂದೂ ನಮಗೆ ಇದು ತಿಳಿದಿರಲಿಲ್ಲ.

ಅಕ್ಕನ ಅತ್ತೆ ಮೈಸೂರಿನವರು. ಅವರು ಬುಟ್ಟಿಯನ್ನು ನೋಡಿ, 'ಅಲ್ಲಪ್ಪಾ, ನಮ್ಮೂರಿನ ಹೂವಿಲ್ಲ, ಇದ್ದದ್ದೂ ಸಾಲದು, ಇದೆಂಥ ಮದುವೆ?' ಎಂದು ನಿಟ್ಟುಸಿರುಬಿಟ್ಟರು. ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಪರಊರಿನಲ್ಲಿ ಮಾಡುವ ಮದುವೆಯಲ್ಲಿ 'ನಮ್ಮೂರಿನ ಹೂವು' ಯಾವುದು? ಮದುವೆಯ ಗದ್ದಲ ಮುಗಿದ ಮೇಲೆ, ಕಚೇರಿಯ ಬಿಡುವಿನಲ್ಲಿ ಇದರ ಬೆನ್ನುಹತ್ತಿ ಒಂದಿಷ್ಟು ಓದಿದೆವು. ತಿಳಿದುದನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲಿಗೆ ಮಲ್ಲಿಗೆಯ ಮಾತು. ಕನ್ನಡಿಗರ ಪಾಲಿಗೆ ಮಲ್ಲಿಗೆಗೆ ತೌರಿನ ನೆನಪಿನ ಪಟ್ಟ ಕಟ್ಟಿದವನು ಆದಿಕವಿ ಪಂಪ. 941ರಲ್ಲಿ ರಚಿತವಾದ ವಿಕ್ರಮಾರ್ಜುನ ವಿಜಯದಲ್ಲಿ, ಬನವಾಸಿಯನ್ನು ನೆನಪಿಗೆ ತರುವ ವಸ್ತುಗಳ ನಡುವೆ ಅರಳಿದ ಮಲ್ಲಿಗೆಯೂ ಇದೆ. ಆದರೆ ಈ ಪಂಪನ ಪೂರ್ವಿಕ ಮಾಧವ ಸೋಮಯಾಜಿ ಎಲ್ಲಿಯವನು? ವೆಂಗಿಮಂಡಲದ ವೆಂಗಿಪಳು ಎಂಬ ಅಗ್ರಹಾರದವನು. ವೆಂಗಿಯ ಹಳೆಯ ರಾಜಧಾನಿ ಇಂದಿನ ಪೆದವೇಗಿ, ಏಲೂರಿನ ಸಮೀಪದ ಹಳ್ಳಿ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಬರುವಾಗ ನಾವು ದಾಟಿಬರುವ ಏಲೂರೇ ಅದು. ಬನವಾಸಿಯ ಮಲ್ಲಿಗೆಯನ್ನು ಕೊಂಡಾಡಿದ ಕವಿಯ ಮನೆತನದ ಬೇರು ಇದ್ದದ್ದು ನಾವು ಪರಊರು ಎನ್ನುವ ಈ ನಾಡಿನಲ್ಲಿ!

ಈ ಕೊಡುಕೊಳೆ ಪಂಪನಿಂದ ಆರಂಭವಾದದ್ದೂ ಅಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿ 7ನೆಯ ಶತಮಾನದ ಆದಿಯಲ್ಲಿ ವೆಂಗಿಯನ್ನು ಗೆದ್ದು, ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿ ನಿಲ್ಲಿಸಿದ. ಪೂರ್ವ ಚಾಲುಕ್ಯರ ವಂಶ ಮೊದಲಾದದ್ದು ಹಾಗೆ. ಅದೇ ವಂಶದ ರಾಜರಾಜ ನರೇಂದ್ರನ ಆಸ್ಥಾನದಲ್ಲಿ, ರಾಜಮಹೇಂದ್ರಿಯಲ್ಲಿ, ನನ್ನಯ ಭಟ್ಟ ತೆಲುಗು ಭಾರತವನ್ನು ಆರಂಭಿಸಿದಾಗ ಅವನಿಗೆ ನೆರವಾದ ಗೆಳೆಯ ನಾರಾಯಣ ಭಟ್ಟ. ಈತ ಕನ್ನಡದಲ್ಲಿಯೂ ಕವಿಯಾಗಿದ್ದನೆಂದು 11ನೆಯ ಶತಮಾನದ ನಂದಂಪೂಡಿ ಶಾಸನ ಹೇಳುತ್ತದೆ. ಮೊಳವೂ ಮೂರವೂ ಒಂದೇ ಬೇರಿನ ಮಾತುಗಳಾಗಿರುವುದರಲ್ಲಿ ಆಶ್ಚರ್ಯವೇನು?

ಮದುವೆಯ ಹಾರದ ಕಥೆಯೂ ಈ ಸೀಮೆಯಲ್ಲಿಯೇ ಒಂದು ತಿರುವನ್ನು ಪಡೆದಿದೆ. ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಗೆ ಬಂದಾಗ ಕೃಷ್ಣಾ ತೀರದ ಶ್ರೀಕಾಕುಳಂ ಎಂಬ ಊರಿನಲ್ಲಿ ತಂಗಿದ. ಇದು ಉತ್ತರದ ಶ್ರೀಕಾಕುಳಂ ಜಿಲ್ಲೆಯ ಪಟ್ಟಣವಲ್ಲ, ವಿಜಯವಾಡದ ಕೆಳಗೆ ಹೊಳೆಯ ದಂಡೆಯಲ್ಲಿರುವ ಆಂಧ್ರ ಮಹಾವಿಷ್ಣುವಿನ ಕ್ಷೇತ್ರ. ಅಲ್ಲಿ ದೇವರು ಕನಸಿನಲ್ಲಿ ಬಂದು, ರಾಯನನ್ನು ಕನ್ನಡದ ದೊರೆಯೆಂದೇ ಕರೆದು, ತೆಲುಗಿನಲ್ಲಿ ಕಾವ್ಯ ಬರೆಯಲು ಅಪ್ಪಣೆ ಕೊಟ್ಟನೆಂದು ರಾಯನೇ ಹೇಳಿಕೊಂಡಿದ್ದಾನೆ. ಆ ಕಾವ್ಯವೇ ಆಮುಕ್ತಮಾಲ್ಯದ. ತಾನು ಮುಡಿದ ಮಾಲೆಯನ್ನು ದೇವರಿಗೆ ಕೊಟ್ಟವಳು ಎಂದು ಅದರ ಅರ್ಥ. ಶ್ರೀವಿಲ್ಲಿಪುತ್ತೂರಿನಲ್ಲಿ ಹೂದೋಟ ಮಾಡಿಕೊಂಡು ದೇವರಿಗೆ ಮಾಲೆ ಕಟ್ಟುತ್ತಿದ್ದ ವಿಷ್ಣುಚಿತ್ತನ ಮಗಳು ಗೋದಾದೇವಿ, ಆ ಮಾಲೆಯನ್ನು ಮೊದಲು ತಾನು ಮುಡಿದು ನೋಡಿ, ಕೊನೆಗೆ ಶ್ರೀರಂಗನಾಥನ ಮಡದಿಯಾದ ಕಥೆ. ತಮಿಳುನಾಡಿನ ಹೂವಾಡಿಗನ ಮಗಳ ಮದುವೆಯನ್ನು ಕನ್ನಡ ದೊರೆ ತೆಲುಗಿನಲ್ಲಿ ಹಾಡಿದ. ಇಂದಿಗೂ ತಿರುಪತಿಯ ಬ್ರಹ್ಮೋತ್ಸವದ ಗರುಡಸೇವೆಗೆ ಶ್ರೀವಿಲ್ಲಿಪುತ್ತೂರಿನಿಂದ ಗೋದಾದೇವಿಯ ಮಾಲೆ ಹೋಗುತ್ತದೆ.

ರಾಯ ಮುಂದೆ ವಿಶಾಖಪಟ್ಟಣದ ಸಿಂಹಾಚಲಕ್ಕೂ ಬಂದ. 1516 ಮತ್ತು 1519ರ ಅವನ ಶಾಸನಗಳು ಅಲ್ಲಿವೆ. 991 ಮುತ್ತಿನ ಹಾರವನ್ನು ಸ್ವಾಮಿಗೆ ಒಪ್ಪಿಸಿದ್ದಕ್ಕೆ ದಾಖಲೆಯುಂಟು. ಸಿಂಹಾಚಲದ ಬೆಟ್ಟ ಸಂಪಿಗೆಗೆ ಹೆಸರಾದುದು. ನಮ್ಮ ಸಂಪಿಗೆ ಇಲ್ಲಿ ಸಂಪೆಂಗ, ಮರುಗ ಮರುವಂ, ದವನ ದವನಂ, ಬಾಸಿಂಗ ಬಾಸಿಕಂ. ದಂಡೆ ಎಂಬ ಮಾತಿನ ಬಗ್ಗೆ ಮಾತ್ರ ಎಚ್ಚರ ಬೇಕು. ನಮಗೆ ದಂಡೆ ಎಂದರೆ ಮುಡಿಯುವ ಹೂವು, ಇಲ್ಲಿ ದಂಡ ಎಂದರೆ ಕೊರಳಿನ ಹಾರ.

ಇನ್ನು ನಾವು 'ಸಂಪ್ರದಾಯ' ಎಂದುಕೊಂಡಿರುವ ಹೂವುಗಳ ಮೂಲವನ್ನು ನೋಡೋಣ. ವಿಜ್ಞಾನದ ಪದವಿಗೆ ಓದುವಾಗ ಸಸ್ಯಶಾಸ್ತ್ರದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಬಾಗಿಲು ಬಾಗಿಲಿಗೂ ಕಟ್ಟುವ ಚೆಂಡುಹೂವು, ತೆಲುಗಿನ ಬಂತಿ, ಮೆಕ್ಸಿಕೋ ಕಡೆಯದು. ರಾಯ ಸಿಂಹಾಚಲದಲ್ಲಿ ಶಾಸನ ಹಾಕಿಸಿದ 1519ರಲ್ಲಿಯೇ ಸ್ಪೇನಿನ ಕೋರ್ಟೆಸ್ ಮೆಕ್ಸಿಕೋದ ನೆಲಕ್ಕೆ ಕಾಲಿಟ್ಟ. ಎಂದರೆ ರಾಯನ ಕಾಣಿಕೆಯ ದಿನ ದೇವಾಲಯದ ತೋರಣದಲ್ಲಿ ಚೆಂಡುಹೂವು ಇದ್ದಿರಲಾರದು. ಅದು ಆಮೇಲೆ ಪರಂಗಿಯವರ ಹಡಗುಗಳ ಕಾಲದಲ್ಲಿ ಬಂದದ್ದು. ಹಾರದ ಸುಗಂಧರಾಜವೂ ಮೆಕ್ಸಿಕೋದ್ದೇ. ಸೇವಂತಿಗೆಯ ತೌರು ಚೀನಾ. ಈಚೆಗೆ ಆರತಕ್ಷತೆಯ ವೇದಿಕೆಯಲ್ಲಿ ಕಾಣುವ ಜರ್ಬೆರಾ ದಕ್ಷಿಣ ಆಫ್ರಿಕಾದ್ದು. ವಾಸನೆಯಿಲ್ಲವೆಂದು ನಾವು ಹಗುರವಾಗಿ ಕಾಣುವ ಕನಕಾಂಬರವೇ ಅಪ್ಪಟ ದಕ್ಷಿಣ ಭಾರತ ಮತ್ತು ಸಿಂಹಳದ ಹೂವು. ವಲಸೆ ಬಂದ ಚೆಂಡುಹೂವು ನಾಲ್ಕೈದು ಶತಮಾನಗಳಲ್ಲಿ ಹೊಸ್ತಿಲಿನ ಹೂವಾಗಿಬಿಟ್ಟಿದೆ. ಇಂದು ಯಾರೂ ಅದರ ಊರನ್ನು ಕೇಳುವುದಿಲ್ಲ.

ಗುಲಾಬಿಯ ವಿಷಯ ಬೇರೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕೆಂದು, ಅದು ಎಲ್ಲೆಲ್ಲಿಯೂ ಮಾರಾಟವಾಗುತ್ತಿತ್ತೆಂದು ಬರೆದಿಟ್ಟಿದ್ದಾನೆ. ಹೂವನ್ನು ಕೊಂಡು ಮುಡಿಯುವುದು ನಮಗೆ ಹೊಸ ರೂಢಿಯಲ್ಲ.

ಅಕ್ಕನ ಅತ್ತೆಯವರು ಬಯಸಿದ ಮೈಸೂರು ಮಲ್ಲಿಗೆ ಏಕೆ ಇಲ್ಲಿಗೆ ಬರುವುದಿಲ್ಲ? ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳು ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಮಲ್ಲಿಗೆಯ ಆಯುಸ್ಸು ಚಿಕ್ಕದು. ನಸುಕಿನಲ್ಲಿ ಕೊಯ್ದ ಮೊಗ್ಗು ಸಂಜೆಗೆ ಬಿರಿಯುತ್ತದೆ, ಮರುದಿನ ಬಾಡುತ್ತದೆ. ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ರೈಲು ಒಂದು ಹಗಲು-ರಾತ್ರಿಯ ಹಾದಿ. ತಾಳಿಕೊಳ್ಳುವ ಹೂವು ಮಾತ್ರ ಪ್ರಯಾಣ ಮಾಡಬಲ್ಲದು. ಆದ್ದರಿಂದಲೇ ಸೇವಂತಿಗೆ, ಗುಲಾಬಿಗಳು ಬೆಂಗಳೂರು, ಹೊಸೂರುಗಳ ಕಡೆಯಿಂದ ಲಾರಿಯಲ್ಲಿ ಈ ಎರಡು ನಗರಗಳಿಗೂ ಬರುತ್ತವೆ. ನಮ್ಮ ಮಂಟಪದ ಸೇವಂತಿಗೆಯೂ ಅಲ್ಲಿಂದಲೇ ಬಂದದ್ದೆಂದು ಅಂಗಡಿಯಾತ ಹೇಳಿದ. ನಮ್ಮೂರಿನ ಹೂವಿಲ್ಲವೆಂದು ಹಿರಿಯರು ಕೊರಗುತ್ತಿದ್ದಾಗ ಅದು ಅವರ ತಲೆಯ ಮೇಲೆಯೇ ತೂಗುತ್ತಿತ್ತು! ಉಳಿದ ಹೂವಿಗೆ ರಾಜಮಹೇಂದ್ರಿಯ ಬಳಿಯ ಕಡಿಯಂ ಇದೆ. ಸಸಿತೋಟಗಳಿಗೆ ಹೆಸರಾದ ಆ ಸೀಮೆಯ ಕಡಿಯಪುಲಂಕದ ಹೂವಿನ ಸಂತೆ ಹೆದ್ದಾರಿಯ ಪಕ್ಕದಲ್ಲಿಯೇ ಇರುವುದರಿಂದ ಎರಡು ಊರಿಗೂ ಅನುಕೂಲ.

ಮದುವೆಯಾಗಬೇಕಾದ ಮಕ್ಕಳಿರುವವರಿಗೆ ನಮ್ಮ ಅನುಭವದಿಂದ ಎರಡು ಮಾತು. ಮಲ್ಲಿಗೆ ಬೇಸಿಗೆಯ ಬೆಳೆ. ಚೈತ್ರ, ವೈಶಾಖದ ಮದುವೆಗೆ ಧಾರಾಳವಾಗಿ ಬರೆಸಬಹುದು. ಮಾಘದ ಮದುವೆಗೆ ಅದು ದುರ್ಲಭ, ಕನಕಾಂಬರ-ಮರುಗಗಳನ್ನು ಹೆಚ್ಚಿಸಿಕೊಳ್ಳುವುದು ಜಾಣತನ. ಮೊಗ್ಗಿನ ಜಡೆಗೆ ಅಂದಿನ ಮೊಗ್ಗನ್ನೇ ಕೇಳಬೇಕು. ಅಳತೆಯನ್ನು ಬಾಯಲ್ಲಿ ಹೇಳದೆ ಕೈಚಾಚಿ ತೋರಿಸಬೇಕು. ಉಡುಪಿ ಕಡೆಯವರಿಗೆ ಈ ತೊಡಕು ಇನ್ನೂ ಹೆಚ್ಚು. ಅವರ ಲೆಕ್ಕ ಅಟ್ಟೆಯದು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದನ್ನು ಇಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ.

ಆ ರಾತ್ರಿ ನಮ್ಮ ಮಾನ ಉಳಿಸಿದವರು ಬೀಗರೇ. ವಿಜಯವಾಡದಿಂದ ಬಂದಿಳಿದ ಹೆಂಗಸರು ಒದ್ದೆ ಬಟ್ಟೆಯಲ್ಲಿ, ಬಾಳೆಯೆಲೆಯಲ್ಲಿ ಸುತ್ತಿದ ಎರಡು ಬುಟ್ಟಿ ಮಲ್ಲಿಗೆ ತಂದಿದ್ದರು. ಬೆಳಗಿನ ಜಾವ ಅಲ್ಲಿನ ಮಾರುಕಟ್ಟೆಯಲ್ಲಿ ಕೊಂಡದ್ದಂತೆ. 'ಎಷ್ಟು ಮೂರ ತಂದಿರಿ?' ಎಂದು ನಾವು ಹೊಸದಾಗಿ ಕಲಿತ ಮಾತನ್ನು ಪ್ರಯೋಗಿಸಿದೆವು. ಬೀಗಿತ್ತಿ ನಕ್ಕು, 'ಅಣ್ಣಾ, ಬಿಡಿಹೂವು ತಂದಿದ್ದೇವೆ, ಕಟ್ಟುವುದು ನಿಮ್ಮ ಮನೆಯವರ ಕೆಲಸ' ಎಂದರು.

ಎಲ್ಲರಿಗಿಂತ ಮೊದಲು ದಾರ ಹಿಡಿದು ಕುಳಿತವರು ಅಕ್ಕನ ಅತ್ತೆ. ಸುತ್ತ ಮೂರು ನಾಲ್ಕು ಮಂದಿ ನೆರೆಯ ತೆಲುಗು ಹೆಂಗಸರು. ಮಾತು ಅರ್ಧಕ್ಕರ್ಧ ತಿಳಿಯದಿದ್ದರೂ ಕೈಗಳು ಒಂದೇ ವೇಗದಲ್ಲಿ ಓಡಿದವು. ನಡುರಾತ್ರಿಯ ಹೊತ್ತಿಗೆ ಹೂವೆಲ್ಲ ಮಾಲೆಯಾಗಿತ್ತು. ಹಿರಿಯರು ಎದ್ದು ನಿಂತು, ಎರಡೂ ಕೈ ಚಾಚಿ ಅದನ್ನು ಮಾರಿನ ಲೆಕ್ಕದಲ್ಲಿಯೇ ಅಳೆದರು.