ಸರಪಳಿ ಕಳಚಿದ ಕೈ ಯಾರದು?

ಪ್ಯಾರಿಸ್‌ನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ಸರಪಳಿ ತೆಗೆಸುತ್ತಿರುವ ವೈದ್ಯ ಫಿಲಿಪ್ ಪಿನೆಲ್‌ನ ಚಿತ್ರವೊಂದಿದೆ. ಟೋನಿ ರಾಬರ್ಟ್-ಫ್ಲೆರಿ ಅದನ್ನು ಬರೆದದ್ದು 1876ರಲ್ಲಿ. ಮನೋವೈದ್ಯಕೀಯದ ಪುಸ್ತಕಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಕಾಣಿಸುತ್ತದೆ. ಆದರೆ ಅದೇ ನಗರದ ಹೊರವಲಯದ ಬಿಸೆತ್ರ್ ಆಸ್ಪತ್ರೆಯಲ್ಲಿ ಮೊದಲು ಸರಪಳಿ ಕಳಚಿದವನು ವೈದ್ಯನಲ್ಲ. ರೋಗಿಗಳನ್ನು ಹಗಲಿರುಳು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ. ಹೆಸರು ಜ್ಯಾಂ ಬತೀಸ್ತ್ ಪ್ಯುಸೆ.

ಪ್ಯುಸೆ ಕಸುಬಿನಲ್ಲಿ ಚರ್ಮ ಹದ ಮಾಡುವವನು. ಗಂಡಮಾಲೆ ರೋಗಕ್ಕೆ ಚಿಕಿತ್ಸೆ ಪಡೆಯಲು 1771ರಲ್ಲಿ ಬಿಸೆತ್ರ್‌ಗೆ ಬಂದವನು ಅಲ್ಲಿಯೇ ಉಳಿದು, ಮುಂದೆ ಮಾನಸಿಕ ರೋಗಿಗಳ ವಿಭಾಗದ ಉಸ್ತುವಾರಿ ಹೊತ್ತ. ಆತನ ಪತ್ನಿಯೂ ಅದೇ ಕೆಲಸದಲ್ಲಿ ಜೊತೆಯಾದಳು. ರೋಗಿ ಎಷ್ಟೇ ಕೆರಳಿದರೂ ಪರಿಚಾರಕರು ಅವನ ಮೇಲೆ ಕೈ ಮಾಡಕೂಡದು ಎಂಬುದು ಪ್ಯುಸೆಯ ಕಟ್ಟಪ್ಪಣೆ. ಗುಣವಾದ ರೋಗಿಗಳನ್ನೇ ಪರಿಚಾರಕರನ್ನಾಗಿ ನೇಮಿಸುವುದೂ ಅವನ ಪದ್ಧತಿ. ಆ ಸಂಕಟ ಉಂಡವರಿಗೆ ತಾನೇ ಅದರ ಅರಿವು! 1797ರಲ್ಲಿ ಅವನು ಸರಪಳಿಗಳನ್ನು ತೆಗೆಸಿದ. ಆ ಹೊತ್ತಿಗೆ ಪಿನೆಲ್ ಸಾಲ್ಪೆತ್ರಿಯೇರ್‌ಗೆ ವರ್ಗವಾಗಿದ್ದ. ಪ್ಯುಸೆಯಿಂದ ಕಲಿತದ್ದನ್ನು ಪಿನೆಲ್ ಮುಚ್ಚಿಡಲಿಲ್ಲ, ತನ್ನ ಗ್ರಂಥದಲ್ಲಿಯೇ ಬರೆದ.

ಸರಪಳಿ ಹೋದರೂ ಕಟ್ಟು ಹೋಗಲಿಲ್ಲ. ಅದರ ಜಾಗಕ್ಕೆ ಉದ್ದ ತೋಳಿನ ಬಿಗಿ ಅಂಗಿ ಬಂತು. ಅದನ್ನೂ ಬಿಡಬಹುದೆಂದು ತೋರಿಸಿದ್ದು ಇಂಗ್ಲೆಂಡ್. ಲಿಂಕನ್ ಆಸ್ಪತ್ರೆಯಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ 1838ರ ವೇಳೆಗೆ ಕಟ್ಟಿಹಾಕುವುದನ್ನು ಪೂರ್ತಿ ನಿಲ್ಲಿಸಿದ. ಮರುವರ್ಷ ಲಂಡನ್ ಬಳಿಯ ಹ್ಯಾನ್‌ವೆಲ್‌ನಲ್ಲಿ ಜಾನ್ ಕೊನೊಲಿ ಸುಮಾರು 800 ರೋಗಿಗಳ ನಡುವೆ ಅದನ್ನೇ ಮಾಡಿದ. ಇಬ್ಬರೂ ಕಂಡುಕೊಂಡ ಸತ್ಯ ಒಂದೇ: ಹಗ್ಗ ಬೇಡವೆಂದಾದರೆ ಹೆಚ್ಚು ಪರಿಚಾರಕರು ಬೇಕು, ಅವರಿಗೆ ತಾಳ್ಮೆ ಬೇಕು.

1952 ಇನ್ನೊಂದು ತಿರುವು. ಪ್ಯಾರಿಸ್‌ನಲ್ಲಿ ಡಿಲೆ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಔಷಧಿ ರೋಗಿಗಳ ಉದ್ರೇಕ ತಗ್ಗಿಸುವುದನ್ನು ವರದಿ ಮಾಡಿದರು. ಅದೇ ವರ್ಷ ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೊ ಬರೆದ ಪುಸ್ತಕವೊಂದು ಪ್ರಕಟವಾಯಿತು. ರೋಗಿ ಮತ್ತು ನರ್ಸ್ ನಡುವಿನ ಸಂಬಂಧವೇ ಚಿಕಿತ್ಸೆಯ ಭಾಗ ಎಂಬುದು ಆಕೆಯ ವಾದ. ಇಂಜೆಕ್ಷನ್ ಮತ್ತು ಮಾತು ಹೀಗೆ ಒಂದೇ ವರ್ಷ ವಾರ್ಡಿನೊಳಗೆ ಕಾಲಿಟ್ಟವು.

ಹಾಗಾದರೆ ತುರ್ತು ವಿಭಾಗಕ್ಕೆ ಕೂಗಾಡುತ್ತ ಬಂದ ರೋಗಿಯನ್ನು ಇಂದಿನ ನರ್ಸ್ ಹೇಗೆ ಎದುರಿಸಬೇಕು? ಮೊದಲು ಸುತ್ತ ನೆರೆದವರನ್ನು ದೂರ ಕಳಿಸಬೇಕು. ತೋಳಳತೆಗಿಂತ ಹೆಚ್ಚು ದೂರದಲ್ಲಿ ನಿಲ್ಲಬೇಕು. ರೋಗಿಗೂ ಬಾಗಿಲಿಗೂ ಅಡ್ಡ ನಿಲ್ಲಬಾರದು, ಬೆನ್ನು ತೋರಿಸಬಾರದು. ಒಬ್ಬರೇ ಮಾತನಾಡಬೇಕು, ದನಿ ತಗ್ಗಿರಬೇಕು, ವಾಕ್ಯ ಚಿಕ್ಕದಿರಬೇಕು. ಬೆದರಿಕೆ, ವಾದ, ಸುಳ್ಳು ಭರವಸೆ ಮೂರೂ ಸಲ್ಲವು. ಸಿಟ್ಟಿನ ಹಿಂದೆ ಬಹುಪಾಲು ಭಯವಿರುತ್ತದೆ. ಕೆಲವೊಮ್ಮೆ ರಕ್ತದ ಸಕ್ಕರೆ ಇಳಿದಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಕುಡಿತ ದಿಢೀರನೆ ನಿಂತಿರಬಹುದು. ಇವನ್ನು ನೋಡದೆ 'ಹುಚ್ಚು' ಎಂದು ತೀರ್ಮಾನಿಸಿದರೆ ಪ್ರಾಣಕ್ಕೇ ಕುತ್ತು. ಕಟ್ಟಲೇಬೇಕಾದ ಪ್ರಸಂಗ ಬಂದರೆ ಉಸಿರಾಟ, ನಾಡಿ, ಕೈಕಾಲಿನ ರಕ್ತಸಂಚಾರವನ್ನು ಪದೇ ಪದೇ ಪರೀಕ್ಷಿಸಬೇಕು. ನೀರು, ಶೌಚದ ಅಗತ್ಯ ಗಮನಿಸಬೇಕು. ರೋಗಿ ಶಾಂತವಾದ ಮೇಲೆ ಏನಾಯಿತು, ಏಕಾಯಿತು ಎಂದು ಅವನೊಡನೆ ಕುಳಿತು ಮಾತನಾಡಬೇಕು.

ಇದು ಹುಟ್ಟುಗುಣವಲ್ಲ, ಕಲಿಯಬೇಕಾದ ವಿದ್ಯೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ನರ್ಸ್‌ಗಳಿಗೆ ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಡಿಪ್ಲೊಮಾ ತರಬೇತಿ ನೀಡಿತು. 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡದ್ದು ಇದೇ ಸಂಸ್ಥೆ.

ಆದರೂ ಸರಪಳಿ ನಮ್ಮಲ್ಲಿ ಹಳೆಯ ಕಥೆಯಾಗಿರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನೂ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ ನಿಷೇಧಿಸಿತು. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯೊಂದಿಗೆ ಕಟ್ಟಬಹುದು. ಅದನ್ನು ದಾಖಲಿಸಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕೊರತೆಯ ನೆಪವೂ ನಡೆಯದು.

ಈ ಕೊನೆಯ ಮಾತೇ ಮುಖ್ಯ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದರೆ ಕಾನೂನು ಹಾಳೆಯ ಮೇಲೆ ಉಳಿಯುತ್ತದೆ, ಹಗ್ಗ ಮಂಚಕ್ಕೆ ಬರುತ್ತದೆ. ಪೆಟ್ಟು ತಿನ್ನುವ ಸರದಿ ಆಕೆಗೂ ತಪ್ಪದು. ಪ್ಯುಸೆ ತನ್ನ ಪರಿಚಾರಕರಿಗೆ ಕೈ ಎತ್ತಬೇಡಿ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಆ ಕೆಲಸಕ್ಕೆ ತಕ್ಕ ಜನರನ್ನು ಹುಡುಕಿ ನೇಮಿಸಿದ. ಎರಡು ಶತಮಾನ ಕಳೆದರೂ ಸರಪಳಿ ಕಳಚಲು ಬೇರೆ ಬೀಗದಕೈ ಸಿಕ್ಕಿಲ್ಲ.