ಶುರುಮಾಡುವುದು ಬೇರೆ, ನಿಲ್ಲಿಸುವುದು ಬೇರೆ: ಹೃದಯ ವೈಫಲ್ಯದಲ್ಲಿ ಸ್ಟ್ಯಾಟಿನ್ ಮಾತ್ರೆಯ ಚರಿತ್ರೆ

ಈ ಪ್ರಬಂಧದ ಪ್ರಶ್ನೆ ನನಗೆ ಸಿಕ್ಕಿದ್ದು ಗ್ರಂಥಾಲಯದಲ್ಲಿ ಅಲ್ಲ, ಕಾಸರಗೋಡಿನ ನಮ್ಮ ಮನೆಯ ಜಗಲಿಯಲ್ಲಿ. ದೊಡ್ಡಪ್ಪನಿಗೆ ಹೃದಯಾಘಾತ ಆದಾಗ ಮಂಗಳೂರಿನ ವೈದ್ಯರೊಬ್ಬರು ಸ್ಟ್ಯಾಟಿನ್ ಬರೆದುಕೊಟ್ಟಿದ್ದರು. ಮನೆಯಲ್ಲಿ ಅದಕ್ಕೆ ‘ಕೊಬ್ಬಿನ ಮಾತ್ರೆ’ ಅಂತಲೇ ಹೆಸರು. ಕೆಲವು ವರ್ಷ ಕಳೆದು ಕಾಲು ಊದಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಊರಿನ ಹತ್ತಿರ ತೋರಿಸಿದಾಗ ‘ಹಾರ್ಟ್ ಫೇಲ್ಯೂರ್’ ಅಂದರು. ನಮ್ಮ ಮಾತಿನಲ್ಲಿ ‘ಹಾರ್ಟ್ ಫೇಲ್ ಆಯ್ತು’ ಅಂದರೆ ಮನುಷ್ಯ ಹೋದ ಅಂತ ಅರ್ಥ. ದೊಡ್ಡಮ್ಮ ಅಲ್ಲೇ ಕುಸಿದು ಕೂತರು. ಹೃದಯ ನಿಂತದ್ದಲ್ಲ, ರಕ್ತ ತಳ್ಳುವ ಶಕ್ತಿ ಕುಂದಿದ್ದು ಅಂತ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕೋ ಸಾಕಾಯ್ತು.

ಹೊಸ ವೈದ್ಯರು “ಈ ಕಾಯಿಲೆಗೆ ಕೊಬ್ಬಿನ ಮಾತ್ರೆಯಿಂದ ಪ್ರಯೋಜನ ಇಲ್ಲ, ಬಿಡಿ” ಅಂದರು. ಮಂಗಳೂರಿನವರು ಫೋನಿನಲ್ಲಿ “ಬಿಡ್ಲೇಬಾರ್ದು” ಅಂದರು. ಇಬ್ಬರಲ್ಲಿ ಒಬ್ಬರಿಗೆ ವಿಷಯ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಚರಿತ್ರೆ ಓದಿದ ಮೇಲೆ ಹಾಗೆ ಹೇಳಲಾರೆ.

ಸ್ಟ್ಯಾಟಿನ್ ಕಥೆ ಜಪಾನಿನಲ್ಲಿ ಆರಂಭವಾಗುತ್ತದೆ. ಸಾಂಕ್ಯೋ ಕಂಪೆನಿಯ ಅಕಿರಾ ಎಂಡೊ 1971ರಿಂದ ಸುಮಾರು 6,000 ಬೂಷ್ಟುಗಳನ್ನು ಪರೀಕ್ಷಿಸಿದರು. 1973ರಲ್ಲಿ ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕಿದ ಪೆನಿಸಿಲಿಯಂ ಸಿಟ್ರಿನಂ ಎಂಬ ಬೂಷ್ಟಿನಿಂದ ಕಾಂಪ್ಯಾಕ್ಟಿನ್ ದೊರೆಯಿತು. ಇಲಿಗಳಲ್ಲಿ ಅದು ಕೊಲೆಸ್ಟರಾಲ್ ಇಳಿಸಲೇ ಇಲ್ಲ; ಮೊಟ್ಟೆಯಿಡುವ ಕೋಳಿಗಳಲ್ಲಿ ಇಳಿಸಿತು. (ಕೋಳಿ ಇಲ್ಲದಿದ್ದರೆ ಈ ಸೆಮಿನಾರೂ ಇರುತ್ತಿರಲಿಲ್ಲ!) ಕಾಂಪ್ಯಾಕ್ಟಿನ್ ಮಾರುಕಟ್ಟೆಗೆ ಬರಲಿಲ್ಲ. ಅದರ ಬಂಧು ಲೊವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಮಾತ್ರೆ ಜೀವ ಉಳಿಸುತ್ತದೆಯೇ ಎಂಬ ಅನುಮಾನ ತೀರಿದ್ದು 1994ರಲ್ಲಿ, ಉತ್ತರ ಯುರೋಪಿನ ‘4ಎಸ್’ ಪ್ರಯೋಗದಿಂದ. ಎದೆನೋವು ಅಥವಾ ಹೃದಯಾಘಾತದ ಇತಿಹಾಸವಿದ್ದ 4,444 ರೋಗಿಗಳಲ್ಲಿ ಸಿಮ್ವಾಸ್ಟ್ಯಾಟಿನ್ ಸಾವನ್ನು ಸುಮಾರು ಶೇ. 30ರಷ್ಟು ತಗ್ಗಿಸಿತು. ಆದರೆ ಅದರ ನಿಯಮಾವಳಿಯಲ್ಲಿ ನಾವು ಓದದೆ ದಾಟಿಬಿಡುವ ಒಂದು ಸಾಲು ಉಂಟು: ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರನ್ನು ಹೊರಗಿಟ್ಟಿದ್ದರು. ಪ್ರಯೋಗದ ನಡುವೆ ಹೊಸದಾಗಿ ವೈಫಲ್ಯ ಬಂದದ್ದು ಮಾತ್ರೆ ತಿಂದವರಲ್ಲಿ ಶೇ. 8.3 ಮಂದಿಗೆ, ತಿನ್ನದವರಲ್ಲಿ ಶೇ. 10.3 ಮಂದಿಗೆ. ಬಾರದಂತೆ ತಡೆಯುವುದಾದರೆ ಬಂದವರಿಗೂ ಒಳ್ಳೆಯದಾಗಬೇಕಲ್ಲ? ಹಾಗೆಂದೇ ಅನೇಕರು ಭಾವಿಸಿದರು.

ಅಷ್ಟರಲ್ಲಿ ಒಂದು ವಿಚಿತ್ರ ಕಂಡಿತು. 2002ರಲ್ಲಿ ಲಾಸ್ ಏಂಜಲಿಸಿನಿಂದ ಪ್ರಕಟವಾದ, ತೀವ್ರ ವೈಫಲ್ಯದ 1,134 ರೋಗಿಗಳ ಅಧ್ಯಯನದಲ್ಲಿ ಕೊಲೆಸ್ಟರಾಲ್ ಕಡಿಮೆ ಇದ್ದವರೇ ಬೇಗ ತೀರಿಕೊಂಡಿದ್ದರು. ರೋಗ ಮೈಯನ್ನು ಸವೆಸಿದಾಗ ಕೊಲೆಸ್ಟರಾಲೂ ಸವೆಯುತ್ತದೆ ಎಂಬುದು ಒಂದು ವಿವರಣೆ. ಊದಿದ ಕರುಳಿನಿಂದ ರಕ್ತಕ್ಕೆ ಸೋರುವ ಬ್ಯಾಕ್ಟೀರಿಯಾ ವಿಷವನ್ನು ಕೊಬ್ಬಿನ ಕಣಗಳು ಹಿಡಿದಿಡುತ್ತವೆ ಎಂಬುದು ಇನ್ನೊಂದು. ಮೊದಲನೆಯದೇ ನನಗೆ ಹೆಚ್ಚು ಒಪ್ಪುವಂತೆ ಕಾಣುತ್ತದೆ.

2007ರ ಕೊರೊನಾ ಪ್ರಯೋಗ (ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ರೇ) 60 ದಾಟಿದ 5,011 ರೋಗಿಗಳಿಗೆ ರೊಸುವಾಸ್ಟ್ಯಾಟಿನ್ ಅಥವಾ ಹುಸಿಮಾತ್ರೆ ಕೊಟ್ಟಿತು. ಎಲ್‌ಡಿಎಲ್ ಶೇ. 45 ಇಳಿಯಿತು, ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಸಾವು ಇಳಿಯಲಿಲ್ಲ. ಮರುವರ್ಷ ಇಟಲಿಯ ಗಿಸ್ಸಿ-ಎಚ್‌ಎಫ್, 4,574 ಮಂದಿಯಲ್ಲಿ: ಮಾತ್ರೆಯವರಲ್ಲಿ ಶೇ. 29, ಇತರರಲ್ಲಿ ಶೇ. 28 ಸಾವು. ಸೋತ ಹೃದಯದವರು ಸಾಯುವುದು ಹೆಚ್ಚಾಗಿ ಪಂಪು ಕೈಕೊಟ್ಟು ಅಥವಾ ಬಡಿತದ ಲಯ ತಪ್ಪಿ. ಅಲ್ಲಿ ಕೊಬ್ಬು ಇಳಿಸಿ ಏನು ಬಂತು ಎಂದು ಹಲವರು ಅರ್ಥೈಸಿದರು. ಹೊಸ ವೈದ್ಯರ ‘ಬಿಡಿ’ ಬಂದದ್ದು ಇಲ್ಲಿಂದ.

ಆದರೆ ಈ ಎರಡೂ ಪ್ರಯೋಗಗಳು ಯಾರನ್ನು ಸೇರಿಸಿಕೊಂಡವು? ಕೊರೊನಾದಲ್ಲಿ, ಸ್ಟ್ಯಾಟಿನ್ ಅಗತ್ಯವಿಲ್ಲ ಎಂದು ಅವರವರ ವೈದ್ಯರಿಗೆ ಅನ್ನಿಸಿದವರನ್ನು. ಗಿಸ್ಸಿಯಲ್ಲೂ ಸ್ಟ್ಯಾಟಿನ್ ಸ್ಪಷ್ಟವಾಗಿ ಬೇಕಾದವರು ಆ ಪರೀಕ್ಷೆಗೆ ಬರಲಿಲ್ಲ. ಅಂದರೆ ಕೇಳಿದ್ದು ‘ಶುರುಮಾಡಬೇಕೇ’ ಎಂದು. ‘ನಿಲ್ಲಿಸಬಹುದೇ’ ಎಂದು ಕೇಳಲೇ ಇಲ್ಲ. ಯುರೋಪಿನ 2016ರ ಮಾರ್ಗಸೂಚಿ ಇದನ್ನು ಗುರುತಿಸಿದೆ: ವೈಫಲ್ಯ ಎಂಬ ಒಂದೇ ಕಾರಣಕ್ಕೆ ಹೊಸದಾಗಿ ಆರಂಭಿಸುವುದಕ್ಕೆ ಆಧಾರ ಇಲ್ಲ, ರಕ್ತನಾಳದ ಕಾಯಿಲೆಗಾಗಿ ಈಗಾಗಲೇ ತಿನ್ನುತ್ತಿರುವವರು ಮುಂದುವರಿಸಬಹುದು. ದೊಡ್ಡಪ್ಪನಂಥವರು ಅಪರೂಪವೂ ಅಲ್ಲ. 2013ರಲ್ಲಿ ತಿರುವನಂತಪುರದ ನೋಂದಣಿಗೆ ಸೇರಿದ 1,205 ವೈಫಲ್ಯ ರೋಗಿಗಳ ಸರಾಸರಿ ವಯಸ್ಸು 61, ಶೇ. 72 ಮಂದಿಗೆ ರಕ್ತನಾಳದ ಕಾಯಿಲೆಯೇ ಮೂಲ. ಕೊರೊನಾದಲ್ಲಿ ಸರಾಸರಿ ವಯಸ್ಸು 73.

ದೊಡ್ಡಪ್ಪನಿಗೆ ಹೊಟ್ಟೆ, ಶುಗರ್, ಬಿಪಿ ಮೂರೂ ಉಂಟು. ಇಂಥ ಕೂಟವನ್ನು 1988ರಲ್ಲಿ ಜೆರಾಲ್ಡ್ ರೀವನ್ ‘ಸಿಂಡ್ರೋಮ್ ಎಕ್ಸ್’ ಎಂದರು. ಈಗ ಮೆಟಬಾಲಿಕ್ ಸಿಂಡ್ರೋಮ್. 2001ರ ಅಮೆರಿಕದ ಪಟ್ಟಿಯಲ್ಲಿ ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಬಿಪಿ, ಸಕ್ಕರೆ ಇವೆ. ಸ್ಟ್ಯಾಟಿನ್ ಮುಖ್ಯವಾಗಿ ಇಳಿಸುವ ಎಲ್‌ಡಿಎಲ್ಲೇ ಇಲ್ಲ! ಮೇಲಾಗಿ, 2010ರಲ್ಲಿ 13 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸ್ಟ್ಯಾಟಿನ್ ತಿಂದವರಲ್ಲಿ ಮಧುಮೇಹ ಶೇ. 9ರಷ್ಟು ಹೆಚ್ಚು ಕಂಡಿತು. ಆಘಾತ ಆದವರಿಗೆ ಲಾಭವೇ ದೊಡ್ಡದು, ಸರಿ. ಆದರೆ ಕೊಬ್ಬಿನ ಮಾತ್ರೆ ತಿಂದೆ, ಇನ್ನು ಹೊಟ್ಟೆಯ ಚಿಂತೆ ಬೇಡ ಎಂಬ ದೊಡ್ಡಪ್ಪನ ಧೈರ್ಯಕ್ಕೆ ಆಧಾರ ಇಲ್ಲ.

ಕಡೆಗೆ ದೊಡ್ಡಮ್ಮ ಕಪಾಟಿನಿಂದ ಮಂಗಳೂರಿನ ಹಳೆಯ ಡಿಸ್ಚಾರ್ಜ್ ಕಾಗದ ತೆಗೆದರು. ಗಡಿ ದಾಟಿ ಅದು ಇನ್ನೊಬ್ಬ ವೈದ್ಯರ ಮೇಜಿಗೆ ಹೋಗಿರಲೇ ಇಲ್ಲ. ಹೊಸ ವೈದ್ಯರು ಓದಿ, “ಅಟ್ಯಾಕ್ ಆದದ್ದು ನೀವು ಹೇಳ್ಲೇ ಇಲ್ವಲ್ಲ” ಅಂದರು. ಹೌದು, ಹೇಳಿರಲಿಲ್ಲ. ಅವರು ಚೀಟಿಯಲ್ಲಿ ಹೊಡೆದುಹಾಕಿದ್ದ ಸಾಲನ್ನು ಕೆಳಗೆ ಮತ್ತೆ ಬರೆದುಕೊಟ್ಟರು.